ಬಾಸ್ ಸರಿಹೋಗುವ ತನಕ

ಊಟ ಮುಗಿಸಿ ಮಹಡಿ ಹತ್ತಿ ಬಂದ ಕದಿರೇಶ ಬಾಗಿಲಲ್ಲೇ ನಿಂತುಬಿಟ್ಟ. ಬೆಳಿಗ್ಗೆಯಿಂದ ಬೆವರು ಸುರಿಸಿ ಜೋಡಿಸಿದ್ದ ಸ್ಪೀಕರ್ ಬಾಕ್ಸಿನ ಬಾಯಿ ತುಂಬ ಬಟ್ಟೆಯ ಗಂಟುಗಳು. ಮೆರೂನ್, ಬೂದು, ಕಡುನೀಲಿ. ಮೇಲೊಂದು ಟಿಫನ್ ಕ್ಯಾರಿಯರ್ ಬೇರೆ.

ಗೋಡೆಗೆ ಟೇಪು ಹಿಡಿದು ಅಳೆಯುತ್ತಿದ್ದ ಹುಡುಗಿ ತಿರುಗಿ ನೋಡಿದಳು. ತುಟಿಗಳ ನಡುವೆ ಗುಂಡುಪಿನ್ನು ಕಚ್ಚಿಕೊಂಡಿದ್ದಳು.

“ಇದನ್ನೆಲ್ಲ ಇಲ್ಲಿ ಇಟ್ಟೋರು ಯಾರು?”

ಅವಳು ಪಿನ್ನು ತೆಗೆದಳು. “ನಾನೇ. ಬೀರು ಖಾಲಿ ಇತ್ತಲ್ಲ.”

“ಬೀರಾ? ಬಾಗಿಲೇ ಇಲ್ವಲ್ರೀ ಇದಕ್ಕೆ!”

“ನೀವಿನ್ನೂ ಹಾಕಿಲ್ಲ ಅಂದ್ಕೊಂಡೆ.” ಬಾಕ್ಸಿನೊಳಗೆ ಬಗ್ಗಿ ನೋಡಿದಳು. “ಒಳಗೆ ಯಾಕೆ ಹಿಂಗೆ ಸೊಟ್ಟಪಟ್ಟ ಮಾಡಿದೀರಾ? ಅಳತೆ ತಪ್ತಾ?”

ಕದಿರೇಶನಿಗೆ ಸಿಟ್ಟು ಬರಬೇಕಿತ್ತು. ನಗು ಬಂತು.

ಅದು ಮುಳಬಾಗಿಲಿನಲ್ಲಿ ಜಹಾನಾರಾ ಅವರ ಮನೆ. ಅವರ ಯಜಮಾನರು ಊರಲ್ಲಿ ಟಾಕೀಸು ನಡೆಸುತ್ತಿದ್ದರು. ಅದು ಮುಚ್ಚಿ ಕಟ್ಟಡ ಕೆಡವಿದಾಗ ಪರದೆಯ ಹಿಂದಿದ್ದ ಸ್ಪೀಕರ್‌ಗಳನ್ನು ಮಾತ್ರ ಬಿಚ್ಚಿ ಗೋಣಿಯಲ್ಲಿ ಸುತ್ತಿ ಮನೆಗೆ ತಂದಿದ್ದರು. ಅವರು ತೀರಿಕೊಂಡ ಮೇಲೆ ಜಹಾನಾರಾ ಹೆಡ್‌ಮಿಸ್ ಕೆಲಸದಿಂದ ನಿವೃತ್ತರಾಗಿ, ಮಹಡಿಯ ಹಾಲನ್ನು ಹೋಮ್ ಥಿಯೇಟರ್ ಮಾಡಿಸಲು ಹೊರಟಿದ್ದರು. ಆ ಸ್ಪೀಕರ್‌ಗಳಿಗೆ ದೊಡ್ಡ ಹಾರ್ನ್ ಬಾಕ್ಸ್ ಕಟ್ಟಲು ಮಾಲೂರಿನಿಂದ ಕದಿರೇಶ ಬಂದಿದ್ದ. ಪರದೆ ಹೊಲಿದು ಗೋಡೆಗೆ ಸದ್ದು ಹೀರುವ ಬಟ್ಟೆಯ ಪ್ಯಾನೆಲ್ ಕೂರಿಸಲು ಮುಳಬಾಗಿಲಿನವಳೇ ಆದ ಸುನಂದ.

“ಟಾಕೀಸಲ್ಲಿ ಕೇಳಿದ ಹಾಗೇ ಎದೆಗೆ ಬಡೀಬೇಕು ಕದಿರೇಶ್,” ಎಂದಿದ್ದರು ಜಹಾನಾರಾ. “ಪಕ್ಕದ ಮನೆಯವರು ಜಗಳಕ್ಕೆ ಬರದ ಹಾಗೆ ನೋಡ್ಕೊಳ್ಳೋದು ಸುನಂದನ ಜವಾಬ್ದಾರಿ.”

ಅಲ್ಲಿಂದ ಮುಂದೆ ಅವರಿಬ್ಬರದೂ ಒಂದೇ ಕೋಣೆ. ಒಂದು ಕಡೆ ಗರಗಸ, ಇನ್ನೊಂದು ಕಡೆ ಹೊಲಿಗೆ ಮಿಷನ್. ಅವನ ಗರಗಸದ ಹೊಟ್ಟು ಅವಳ ಬಟ್ಟೆಯ ಮೇಲೆ ಬೀಳುತ್ತಿತ್ತು. ಅವಳ ದಾರದ ತುಂಡುಗಳು ಅವನ ಅಂಟಿಗೆ ಮೆತ್ತಿಕೊಳ್ಳುತ್ತಿದ್ದವು. ಜಗಳವಾಡುವುದಕ್ಕೆ ಇಬ್ಬರಿಗೂ ದಿನಕ್ಕೊಂದು ಹೊಸ ಕಾರಣ ಸಿಗುತ್ತಿತ್ತು, ಇಬ್ಬರೂ ಅದಕ್ಕಾಗಿ ಕಾಯುತ್ತಿದ್ದರು.

“ಇಷ್ಟು ದೊಡ್ಡದು ಯಾಕೆ?” ಎಂದು ಒಂದು ದಿನ ಕೇಳಿದಳು. “ಈಗೆಲ್ಲ ಅಂಗೈಯಷ್ಟು ಸ್ಪೀಕರ್ ಬರ್ತಾವಲ್ಲ.”

“ಹೊಲದ ಆ ಕಡೆ ಇರೋರನ್ನ ಹೆಂಗೆ ಕರೀತೀರಾ?”

ಅವಳು ಎರಡೂ ಅಂಗೈಗಳನ್ನು ಬಾಯಿಯ ಸುತ್ತ ಹಿಡಿದು ತೋರಿಸಿದಳು.

“ಅದೇ ಹಾರ್ನ್. ಸಣ್ಣದಾಗಿ ಶುರುವಾಗಿ ಅಗಲ ಆಗ್ತಾ ಹೋಗ್ಬೇಕು. ದಪ್ಪ ದನಿ, ಬಾಸ್ ಅಂತೀವಲ್ಲ, ಅದಕ್ಕೆ ಉದ್ದ ದಾರಿ ಬೇಕು, ರೂಮಲ್ಲಿ ಅಷ್ಟು ಜಾಗ ಎಲ್ಲಿರುತ್ತೆ? ಅದಕ್ಕೇ ಆ ದಾರೀನ ಬಾಕ್ಸ್ ಒಳಗೇ ಮಡಚಿಡೋದು. ನಿಮ್ಮ ಸೊಟ್ಟಪಟ್ಟ ಅದೇ. ಈಗ ಯಾರನ್ನಾದ್ರೂ ಕರೀರಿ, ನೋಡೋಣ.”

“ಯಾರನ್ನ?”

“ನಿಮಗೆ ಬೇಕಾದೋರನ್ನ.”

ಸುನಂದ ಕಿಟಕಿಯತ್ತ ತಿರುಗಿ, ಉಸಿರೆಳೆದುಕೊಂಡು, “ಕದಿರೇಶಾ…” ಎಂದು ಕೂಗಿಬಿಟ್ಟಳು. ಎದುರು ಮನೆಯ ತಾರಸಿಯಲ್ಲಿ ಹಪ್ಪಳ ಒಣಹಾಕುತ್ತಿದ್ದ ಹೆಂಗಸು ಗಾಬರಿಯಿಂದ ತಲೆಯೆತ್ತಿದಳು. ಸುನಂದ ತಟ್ಟನೆ ಕಿಟಕಿಯ ಕೆಳಗೆ ಕುಸಿದು ಕೂತು, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಕೂಗಿದವಳು ಅವಳಾದರೂ ಕಿವಿ ಕೆಂಪಾಗಿದ್ದು ಕದಿರೇಶನದು.

ಹಾರ್ನಿನ ತಿರುವುಗಳಿಗೆ ಪ್ಲೈವುಡ್ ಬಗ್ಗಿಸುವ ದಿನ ಬಂತು. ಹಲಗೆಯ ಹಿಂಬದಿಗೆ ಗರಗಸದಿಂದ ಗೆರೆ ಹಾಕಿ, ಅಂಟು ಬಳಿದು, ಬಿಲ್ಲಿನಂತೆ ಬಗ್ಗಿಸಿ ಕೂರಿಸಬೇಕಿತ್ತು. ಹಲಗೆಯನ್ನು ಒತ್ತಿಹಿಡಿಯುವ ಕ್ಲಾಂಪು ಆ ಮೂಲೆಗೆ ನಿಲುಕಲಿಲ್ಲ.

“ಒಂದು ಕೈ ಕೊಡ್ತೀರಾ?”

“ಎರಡೂ ತಗೊಳ್ಳಿ,” ಎಂದು ಬಂದು ಎದುರು ನಿಂತಳು.

ನಾಲ್ಕು ಕೈಗಳೂ ಹಲಗೆಯ ಮೇಲೆ. ಇಬ್ಬರ ಮುಖಗಳ ನಡುವೆ ಗೇಣು ಜಾಗವೂ ಇರಲಿಲ್ಲ. ಮೊದಲು ಇಬ್ಬರೂ ಅಂಟನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಅವಳ ಕೂದಲಿನ ಒಂದು ಎಳೆ ಜಾರಿ ಕಣ್ಣಿನ ಮೇಲೆ ಬಿತ್ತು.

“ಕಚಗುಳಿ ಇಡ್ತಿದೆ. ಕೈ ಬಿಡ್ಲಾ?”

“ಬಿಟ್ರೆ ಹಲಗೆ ಎದ್ದುಬಿಡುತ್ತೆ.”

“ಹಂಗಾದ್ರೆ ನೀವೇ ಏನಾದ್ರೂ ಮಾಡಿ.”

ಅವನು ಮುಖ ಮುಂದೆ ತಂದು ಮೆಲ್ಲಗೆ ಊದಿದ. ಎಳೆ ಅಲುಗಿತು, ಹೋಗಲಿಲ್ಲ.

“ಇಷ್ಟೇನಾ ನಿಮ್ಮ ದಮ್ಮು?” ಎಂದಳು. ಮಾತು ತಮಾಷೆಯದು, ಆದರೆ ದನಿ ಇಳಿದಿತ್ತು. ಕಣ್ಣು ಮುಚ್ಚಿಕೊಂಡಿದ್ದಳು. ಮತ್ತೆ ಊದಿದಾಗ ಎಳೆ ಹಾರಿ ಕಿವಿಯ ಹಿಂದೆ ಹೋಯಿತು. ಅವಳು ಕಣ್ಣು ತೆರೆದು ನೇರ ಅವನನ್ನೇ ನೋಡಿದಳು.

ಟೀ ತಂದ ಜಹಾನಾರಾ ಬಾಗಿಲಲ್ಲಿ ಒಮ್ಮೆ ನಿಂತು, ಲೋಟಗಳನ್ನು ಮೆಟ್ಟಿಲ ಮೇಲಿಟ್ಟು, ಸದ್ದಿಲ್ಲದೆ ಇಳಿದುಹೋದರು. ಅಂಟು ಯಾವಾಗಲೋ ಒಣಗಿತ್ತು. ಕೈ ತೆಗೆಯೋಣ ಎಂದು ಇಬ್ಬರೂ ಹೇಳಲಿಲ್ಲ.

ಅವತ್ತೇ ಹೇಳಬಹುದಿತ್ತು. ಆದರೆ ಕದಿರೇಶ ಅಲ್ಲಿಯವರೆಗೆ ಕಟ್ಟಿದ್ದೆಲ್ಲ ಶಾಮಿಯಾನಾದವರಿಗೆ ಬಾಡಿಗೆ ಬಾಕ್ಸುಗಳು. ಜನ ತನ್ನ ಹೆಸರು ಹೇಳಿ ತೋರಿಸುವಂಥ ಕೆಲಸ ಇದೇ ಮೊದಲನೆಯದು. ಇದು ಮುಗಿಯಲಿ, ಇದರ ಎದುರು ಅವಳನ್ನು ಕೂರಿಸಿ ಹಾಡು ಹಾಕಿ ಆಮೇಲೆ ಹೇಳಬೇಕು ಎಂದು ಮನಸ್ಸಿನಲ್ಲೇ ಚಿತ್ರ ಬರೆದುಕೊಂಡಿದ್ದ. ಆ ಚಿತ್ರ ಅವನಿಗೆ ತುಂಬ ಇಷ್ಟವಾಗಿತ್ತು.

ಒಂದು ಮಧ್ಯಾಹ್ನ ಸುನಂದ ಸೂಜಿಗೆ ದಾರ ಪೋಣಿಸುತ್ತ, ತಲೆಯೆತ್ತದೆ ಹೇಳಿದಳು. “ಭಾನುವಾರ ಶ್ರೀನಿವಾಸಪುರದಿಂದ ನನ್ನ ನೋಡೋಕೆ ಬರ್ತಿದಾರೆ. ಮಾವಿನ ಮಂಡಿಯವರಂತೆ.”

ಅವನ ಕೈಯಲ್ಲಿದ್ದ ಉಪ್ಪುಕಾಗದ ನಿಂತಿತು.

“ನೀವು ಏನಾದ್ರೂ ಹೇಳೋದಿದ್ಯಾ?”

“ಇದೆ ಸುನಂದ. ಬಾಸ್ ಒಂದು ಸರಿಹೋಗ್ಲಿ…”

“ಬಾಸ್‌ಗೂ ಅದಕ್ಕೂ ಏನ್ರೀ ಸಂಬಂಧ?”

ಅವಳ ಕಣ್ಣು ತುಂಬಿದ್ದು ಕಂಡು ಅವನು ಹತ್ತಿರ ಬಂದ. “ಗುರುವಾರ ಸಾಯಂಕಾಲ ನಿಮ್ಮನೆಗೆ ಬರ್ತೀನಿ. ಅಮ್ಮನ ಹತ್ರ ನಾನೇ ಮಾತಾಡ್ತೀನಿ.”

“ಖಂಡಿತಾ?”

“ಖಂಡಿತಾ.”

ಅವಳು ಮೂಗೊರೆಸಿಕೊಂಡು ನಕ್ಕಳು. ಆಮೇಲೆ ಒಂದು ಪರದೆಯನ್ನು ಉಲ್ಟಾ ಹೊಲಿದು ಪೂರ್ತಿ ಬಿಚ್ಚಬೇಕಾಯಿತು.

ಗುರುವಾರ ಕದಿರೇಶ ಇಸ್ತ್ರಿ ಮಾಡಿದ ಶರ್ಟನ್ನು ಬ್ಯಾಗಿನಲ್ಲಿ ತಂದು ಕಿಟಕಿಗೆ ನೇತುಹಾಕಿದ್ದ. ಸುನಂದ ಬೇಗನೆ ಮನೆಗೆ ಹೋಗಿದ್ದಳು. ಎರಡೂ ಬಾಕ್ಸುಗಳಿಗೆ ಅಂದೇ ಮೊದಲು ವೈರು ಜೋಡಿಸಿ ಆಂಪ್ಲಿಫೈಯರ್ ಹಚ್ಚಿದ. ಬಲಗಡೆಯದು ಹಾಡಿತು. ಎಡಗಡೆಯದು ದಪ್ಪ ದನಿ ಬಂದಾಗಲೆಲ್ಲ ಗುರ್ ಎಂದು ನಡುಗಿತು.

ಇನ್ನೂ ಬಿಸಿಲಿತ್ತು. ಸ್ವಲ್ಪ ನೋಡಿ ಹೊರಡೋಣ ಎಂದುಕೊಂಡ. ಹಿಂದಿನ ಹಲಗೆ ಬಿಚ್ಚಿ, ಟಾರ್ಚು ಹಿಡಿದು, ಭುಜದವರೆಗೂ ಒಳಗೆ ತೂರಿದ. ಎಲ್ಲೋ ಒಂದು ಪಟ್ಟಿಗೆ ಅಂಟು ಹಿಡಿದಿರಲಿಲ್ಲ. ತಟ್ಟಿ ತಟ್ಟಿ ಹುಡುಕಿದ, ಸಿಕ್ಕಿತು, ಬಿಗಿದ, ಮುಚ್ಚಿದ, ಮತ್ತೆ ಹಚ್ಚಿದ. ಈಗ ದನಿ ನೆಲದಿಂದ ಎದ್ದು ಪಾದದ ಮೂಲಕ ಎದೆಗೆ ಬಂತು. ಅಷ್ಟು ಶುದ್ಧವಾದ ಸದ್ದನ್ನು ಅವನು ತನ್ನ ಕೈಯಾರೆ ಎಂದೂ ಹೊರಡಿಸಿರಲಿಲ್ಲ. ಹೇಳಿಕೊಳ್ಳಲು ತಿರುಗಿದ. ಕೋಣೆಯಲ್ಲಿ ಯಾರೂ ಇರಲಿಲ್ಲ. ಹೊರಗೆ ಕತ್ತಲಾಗಿತ್ತು. ಆಂಪ್ಲಿಫೈಯರ್ ಮೇಲಿದ್ದ ಮೊಬೈಲಿನ ತುಂಬ ಸುನಂದಳ ಮಿಸ್ಡ್ ಕಾಲ್.

ತಿರುಗಿ ಮಾಡಿದರೆ ಸ್ವಿಚಾಫ್. ತಾಯಿ ಮಗಳು ಇಬ್ಬರೇ ಇರುವ ಮನೆಗೆ ಈ ಹೊತ್ತಿನಲ್ಲಿ ಹೋಗುವುದು ಚೆನ್ನಲ್ಲ ಎಂದುಕೊಂಡ. ಭಾನುವಾರಕ್ಕೆ ಇನ್ನೂ ಸಮಯವಿದೆ ಎಂದುಕೊಂಡ.

ಮರುದಿನ ಶರ್ಟು ಹಾಕಿಕೊಂಡು ಹೋದಾಗ ಅವರ ಮನೆ ಮುಂದೆ ಒಂದು ಕಾರು ನಿಂತಿತ್ತು. ಹೊಸ್ತಿಲಲ್ಲಿ ಅಪರಿಚಿತ ಚಪ್ಪಲಿಗಳು. ಸುನಂದಳ ತಾಯಿ ರಾಮಲಕ್ಷ್ಮಮ್ಮ ಹೊರಗೆ ಬಂದರು.

“ಕರ್ಟನ್ ವಿಷ್ಯಾನೇನಪ್ಪಾ? ನಾಳೆ ಬಾ ನಾಯ್ನಾ. ಭಾನುವಾರ ಬರ್ತೀವಿ ಅಂದೋರು, ಶುಕ್ರವಾರ ಒಳ್ಳೇದು ಅಂತ ನೆನ್ನೆ ಸಾಯಂಕಾಲ ಫೋನ್ ಮಾಡಿ ಇವತ್ತೇ ಬಂದ್ಬಿಟ್ರು. ದೊಡ್ಡೋರಿಗೆಲ್ಲ ಒಪ್ಪಿಗೆ ಆಯ್ತು. ತಗೋ, ಬಾಯಿ ಸಿಹಿ ಮಾಡ್ಕೋ.”

ಅವರ ಭುಜದಾಚೆ, ನಡುಮನೆಯಲ್ಲಿ, ಮಲ್ಲಿಗೆ ಮುಡಿದ ಸುನಂದ ಕೂತಿದ್ದಳು. ಅವನನ್ನು ನೋಡಿದಳು. ತುಂಬ ಹೊತ್ತು ನೋಡಿದಳು. ಈಗಲಾದರೂ ಒಂದು ಮಾತು ಆಡುತ್ತಾನೇನೋ ಎಂಬಂತಿತ್ತು ಆ ನೋಟ. ಕದಿರೇಶ ಕೈ ಚಾಚಿ ಮೈಸೂರು ಪಾಕಿನ ತುಂಡನ್ನು ತೆಗೆದುಕೊಂಡ. ಅವಳು ಕಣ್ಣು ತಗ್ಗಿಸಿದಳು.

ಹೋಮ್ ಥಿಯೇಟರಿನ ಮೊದಲ ಪ್ರದರ್ಶನದ ದಿನ ಸುನಂದ ಬಂದಳು. ಹಳೆಯ ಚಿತ್ರವೊಂದು ಶುರುವಾಗಿ ಆ ದೊಡ್ಡ ಹಾರ್ನುಗಳಿಂದ ದನಿ ಹೊರಟಾಗ ಜಹಾನಾರಾ ಬೆಚ್ಚಿ, ಆಮೇಲೆ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಅತ್ತರು. “ಪೂರ್ತಿ ನಮ್ಮ ಟಾಕೀಸೇ ಕಣಪ್ಪಾ,” ಎಂದರು. ಸ್ವಲ್ಪ ಹೊತ್ತಿಗೆ ಟೀ ಮಾಡುವ ನೆಪದಲ್ಲಿ ಇಬ್ಬರನ್ನೂ ಅಲ್ಲೇ ಬಿಟ್ಟು ಕೆಳಗಿಳಿದರು.

ಕದಿರೇಶ ದನಿ ತಗ್ಗಿಸಿದ. “ಸುನಂದ, ನನಗೆ ನೀವಂದ್ರೆ ತುಂಬ ಇಷ್ಟ. ಮೊದಲ ದಿನದಿಂದ.”

“ಗೊತ್ತು,” ಎಂದಳು. “ನೀವು ಹೇಳ್ಲಿ ಅಂತ ಕಾದೆ, ಅಷ್ಟೇ. ಗುರುವಾರ ಬಾಗಿಲಲ್ಲೇ ಕೂತಿದ್ದೆ. ಯಾರು ಬರ್ತಾರೆ ಅಂತ ಅಮ್ಮ ಕೇಳಿದ್ರು. ನಿಮ್ಮ ಹೆಸರು ಬಾಯಿ ತನಕ ಬಂತು. ನೀವು ಬಂದ್ಮೇಲೆ ಹೇಳೋಣ ಅಂತ ನುಂಗಿಕೊಂಡೆ. ಅದು ನನ್ನ ತಪ್ಪು.”

“ಈಗ ಹೇಳಬಾರದಾ?”

ಅವಳು ಬಹಳ ಹೊತ್ತು ಪರದೆಯ ಅಂಚನ್ನು ಸರಿಮಾಡುತ್ತ ನಿಂತಳು.

“ಅವರು ಒಳ್ಳೆಯೋರು ಕದಿರೇಶ್. ಇಷ್ಟ ಇದ್ಯಾ, ಇಲ್ಲಾಂದ್ರೂ ಪರವಾಗಿಲ್ಲ ಅಂತ ನನ್ನೇ ಕೇಳಿದ್ರು. ನೀವು ಹೊಸ್ತಿಲಲ್ಲಿ ನಿಂತಿದ್ರಲ್ಲ, ಅದಾದ ಮೇಲೆ ಕೇಳಿದ್ದು. ನಾನು ಇಷ್ಟ ಅಂದೆ. ಯಾರೂ ಬಲವಂತ ಮಾಡ್ಲಿಲ್ಲ. ಆ ಮಾತು ಈಗ ವಾಪಸ್ ತಗೊಳ್ಳೋಕೆ ನನಗೆ ಮನಸ್ಸು ಬರಲ್ಲ.”

ಅವನು ತಲೆಯಾಡಿಸಿದ. ಅವಳು ಅವನ ಕೈಯನ್ನು ಒಮ್ಮೆ ತನ್ನ ಎರಡೂ ಕೈಗಳಲ್ಲಿ ಹಿಡಿದಳು. ಅಂಟಿನ ಕಲೆ ಇನ್ನೂ ಮಾಸದ ಬೆರಳುಗಳನ್ನು ಒತ್ತಿ, ಬಿಟ್ಟು, “ಹುಷಾರಾಗಿ ಊರು ಸೇರ್ಕೊಳ್ಳಿ,” ಎಂದು ಮೆಟ್ಟಿಲಿಳಿದು ಹೋದಳು.

ಸಂಜೆ ಉಪಕರಣಗಳ ಚೀಲ ಹೊತ್ತು ಕದಿರೇಶ ಕೋಲಾರದ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತ. ಮುಳಬಾಗಿಲಿನ ಬಂಡೆಗುಡ್ಡ ಹಿಂದೆ ಸರಿಯುತ್ತಿದ್ದಾಗ ಫೋನು ಬಂತು. ಮಾಲೂರಿನಿಂದ ಅವನ ತಾಯಿ ಚಿಕ್ಕಗಂಗಮ್ಮ. ಸುನಂದಳ ಬಗ್ಗೆ ಅವನು ಬಾಯಿಬಿಟ್ಟು ಹೇಳಿದ್ದು ಅವರೊಬ್ಬರಿಗೇ.

“ಕೆಲ್ಸ ಮುಗೀತೇನ್ಲಾ? ಮುಂದಿನ ಬುಧವಾರ ದಿನ ಚೆನ್ನಾಗೈತಂತೆ. ಸೀರೆ ತಂದಿಟ್ಟಿವ್ನಿ, ಎಲೆಹಸಿರು ಬಣ್ಣದ್ದು. ಹುಡುಗಿ ಮನೆಗೆ ಹೋಗಿ ಕೇಳ್ಕೊಂಡು ಬರೋಣ.”

“ಬೇಡಮ್ಮ. ಅವಳಿಗೆ ಬೇರೆ ಕಡೆ ಮದುವೆ ಗೊತ್ತಾಗೋಯ್ತು.”

ಆ ಕಡೆ ಬೀರುವಿನ ಬಾಗಿಲು ಮುಚ್ಚಿದ ಸದ್ದಾಯಿತು.

“ನೀನು ಕೇಳಿದ್ಯೇನೋ ಮಗ, ಅವಳ್ನ?”

“ಕೇಳ್ದೆ.”

“ಯಾವಾಗ?”

ಕದಿರೇಶ ಫೋನನ್ನು ಕಿವಿಗೆ ಒತ್ತಿಕೊಂಡೇ ಕೂತಿದ್ದ. ಕಂಡಕ್ಟರು ಬಂದು ಎಲ್ಲಿಗೆ ಎಂದು ಎರಡು ಸಲ ಕೇಳಿದರೂ ಅವನ ಬಾಯಿಂದ ಊರಿನ ಹೆಸರು ಹೊರಡಲಿಲ್ಲ.