ದಾರದ ಕೂಲಿ ಕೇಳಿದ ದುಗ್ಗಳೆ

ಬಹಳ ಬಹಳ ಹಿಂದೆ, ಬೆಟ್ಟದ ನೆರಳಿನಿಂದ ಆಚೆ ಬಾರದ ಮಬ್ಬೂರು ಎಂಬ ರಾಜ್ಯವಿತ್ತು. ಅಲ್ಲಿ ಮನೆಯಿಂದ ನೆರೆಮನೆಗೆ ಒಂದು ದಾರ, ದಾರದ ತುಂಬ ಬೆಳಕಿನ ಮಣಿಗಳು. ನೆರೆಯವರಿಗೆ ಬೆಳಕು ಬೇಕೆಂದರೆ ಒಂದು ಮಣಿಯನ್ನು ಅವರ ತುದಿಗೆ ಸರಿಸಬೇಕು. ದೂರದವರಿಗಾದರೆ, ನೆರೆಯವರು ತಮ್ಮ ಇನ್ನೊಂದು ದಾರದಲ್ಲಿ ಮತ್ತೊಂದು ಮಣಿ ಮುಂದಕ್ಕೆ ಸರಿಸುತ್ತಿದ್ದರು. ಇದಕ್ಕೆ ಯಾರೂ ಕೂಲಿ ಕೇಳುತ್ತಿರಲಿಲ್ಲ. ಕೇಳಿದರೆ ಮಾನ ಹೋಗುತ್ತದಲ್ಲ, ಪಾಪ!

ಆದರೆ ಒಂದೊಂದಾಗಿ ದಾರಗಳಲ್ಲಿ ಮಣಿ ಸರಿಯುವುದೇ ನಿಂತುಹೋಯಿತು. ಆಗ ಕರಾಳಾಂಕನೆಂಬ ಮಾಂತ್ರಿಕ ಗೋಪುರ ಕಟ್ಟಿ, “ಎಲ್ಲರೂ ನನಗೇ ದಾರ ಕಟ್ಟಿ, ಮಣಿಗಳನ್ನು ಪುಕ್ಕಟೆ ದಾಟಿಸುತ್ತೇನೆ” ಎಂದ. ಜನ ಕುಣಿದಾಡುತ್ತ ಕಟ್ಟಿದರು. ಮೊದಲು ಪುಕ್ಕಟೆ, ಆಮೇಲೆ ಚಿಟಿಕೆ ಬೆಳಕು, ಆಮೇಲೆ ಅರ್ಧ ಮಣಿ.

ಗಾಣದ ಹುಡುಗಿ ದುಗ್ಗಳೆಯ ಅಣ್ಣ ಮಾಚಿಗ ಅವನನ್ನು ಎದುರಿಸಿ ಕೊಕ್ಕರೆಯಾಗಿದ್ದ. ಕಮರಿಯಾಚೆಯ ಕೆರೆಯಲ್ಲಿ ದಿನವೂ ಒಂದು ಮಣಿಯ ಬೆಳಕು ಕಂಡರೆ ಮಾತ್ರ ಅವನಿಗೆ ಮನುಷ್ಯರ ಮಾತು ನೆನಪಿರುತ್ತಿತ್ತು. ಒಂದು ದಿನ ತಪ್ಪಿದರೂ ಅವನು ಎಂದೆಂದಿಗೂ ಕೊಕ್ಕರೆಯೇ. ದುಗ್ಗಳೆ ಆ ಮಣಿಯನ್ನು ಗೋಪುರದಿಂದಲೇ ದಾಟಿಸುತ್ತಿದ್ದಳು.

ಒಂದು ಬೆಳಿಗ್ಗೆ ಮಾಂತ್ರಿಕ, “ಇನ್ನು ಕೂಲಿಗೆ ನಿನ್ನ ಕಣ್ಣಿನ ಬೆಳಕು ಕೊಡು” ಎಂದ.

ಒಂದು ಪ್ರಶ್ನೆ ದುಗ್ಗಳೆಯನ್ನು ಬಿಡಲಿಲ್ಲ: ಹಳೆಯ ದಾರಗಳು ನಿಂತದ್ದಾದರೂ ಯಾಕೆ? ಕೆರೆಯತ್ತ ಹೋಗುವ ಹಳೆಯ ದಾರದ ಗುಂಟ ನಡೆದಳು.

ಮೊದಲು ಕುಂಬಾರರ ನಿಂಬವ್ವ. “ನನ್ ತುದೀಲಿ ಒಂದ್ ಮಣೀನೂ ಇಲ್ಲ ಕಣವ್ವ. ಎಲ್ಲಾ ಕಮರಿ ಕಡೆ ಹೋಗಿ ಕುಂತವೆ.”

ಆಮೇಲೆ ಕಮರಿಯಂಚಿನ ಮಾತಾಡುವ ಕರಡಿ. “ನಂದೂ ಖಾಲಿ,” ಎಂದು ಗುರುಗುಟ್ಟಿತು. “ಎಲ್ಲಾ ಆ ಕಡೆಗೇ.”

ಕಮರಿಯಾಚೆ, ಕೆರೆಯ ದಡದಲ್ಲಿ, ಬೆಸ್ತರ ಬಂಕ. ಅವನ ತುದಿಯಲ್ಲಿ ಮಣಿಗಳು ರಾಶಿಬಿದ್ದು ಹೊಳೆಯುತ್ತಿದ್ದವು.

“ನೀನು ಈ ಕಡೆಗೆ ಏನೂ ಕಳಿಸೋದಿಲ್ವಾ?” ದುಗ್ಗಳೆ ಕೂಗಿದಳು.

“ಆ ಕಡೆಯ ಪೇಟೇಲಿರೋ ಮಾವನಿಗೆ ಕಳಿಸ್ತೀನಿ, ಗೋಪುರದಿಂದ. ಅರ್ಧ ಆ ಮಾಂತ್ರಿಕನೇ ನುಂಗ್ತಾನೆ. ಅಭ್ಯಾಸ ಆಗೋಗಿದೆ.”

ದುಗ್ಗಳೆಗೆ ನಗು ಬಂತು. ದಾರ ಕೆಟ್ಟಿರಲಿಲ್ಲ, ಒಂದೇ ಕಡೆ ವಾಲಿತ್ತು.

“ಈ ದಾರದಲ್ಲಿ ಕಳಿಸು, ಮಣಿಗೊಂದು ಚಿಟಿಕೆ ಬೆಳಕು ನೀನೇ ಇಟ್ಕೋ,” ಎಂದಳು. “ನಿನ್ನ ಕಡೆಗೆ ಕಳಿಸೋರ ಹತ್ರ ನಾವು ಚಿಟಿಕೆ ಕೂಲಿ ತಗೋತೀವಿ. ನಮ್ಮ ತುದಿ ಬರಿದಾದಷ್ಟೂ ಕೂಲಿ ಹೆಚ್ಚು, ತುಂಬಿದಷ್ಟೂ ಕಮ್ಮಿ.”

“ನೆರೆಯೋರ ಹತ್ರ ಕೂಲಿಯಾ?” ಹಿಂದೆಯೇ ಬಂದಿದ್ದ ನಿಂಬವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

“ನಾಚ್ಕೊಂಡು ನಾಚ್ಕೊಂಡೇ ಆ ಮಾಂತ್ರಿಕನ ಬಾಯಿಗೆ ಬಿದ್ವಿ ಅಜ್ಜಿ. ನನ್ನಿಂದಲೇ ಶುರು ಮಾಡು, ಕೂಲಿ ಕೇಳು.”

ನಿಂಬವ್ವ ತನ್ನ ಮನೆಗೆ ಮರಳಿದಳು. ಬಂಕನ ಮಣಿಗಳು ಕರಡಿಯತ್ತ, ಕರಡಿಯವು ನಿಂಬವ್ವನತ್ತ, ಅವಳವು ದುಗ್ಗಳೆಯ ಮನೆಯತ್ತ ಸರಿದವು. ಸಂಜೆಯಾಗುತ್ತಿತ್ತು. ದುಗ್ಗಳೆ ಮನೆಗೆ ಓಡಿ ಒಂದು ಮಣಿ ಸರಿಸಿದಳು. ನಿಂಬವ್ವ ಕಿವಿಯವರೆಗೂ ಕೆಂಪಾಗಿ, “ಒಂದ್ ಚಿಟಿಕೆ,” ಎಂದಳು. ದುಗ್ಗಳೆ ಸಂತೋಷದಿಂದ ಕೊಟ್ಟಳು. ಮಣಿಯಿಂದ ಮಣಿ ಸರಿದು ಕೆರೆಯ ಮೇಲೆ ಬೆಳಕು ಬಿತ್ತು.

ಸುದ್ದಿ ಹಬ್ಬಿತು. ಜನ ನೆರೆಮನೆಗೆ ದಾರ ಕಟ್ಟುತ್ತ, ಗೋಪುರದ ದಾರ ಬಿಚ್ಚುತ್ತ ಹೋದರು. ಒಂದೊಂದು ದಾರ ಬಿಚ್ಚಿದಂತೆ ಗೋಪುರ ಕುಗ್ಗಿ ಗುಡಿಸಲಾಯಿತು, ಮಾಟವೆಲ್ಲ ಕಳಚಿತು. ಮಾಚಿಗ ಮತ್ತೆ ಮನುಷ್ಯನಾಗಿ ಮನೆಗೆ ನಡೆದು ಬಂದ. ದುಗ್ಗಳೆ ಅವನನ್ನು ತಬ್ಬಿಕೊಂಡು ಅತ್ತಳು.

ಕೊನೆಗೆ ಕರಾಳಾಂಕನೂ ಬಾಗಿಲಿಗೆ ಬಂದ. “ಕತ್ತಲಲ್ಲಿದ್ದೇನೆ. ನನಗೂ ಒಂದು ದಾರ ಕಟ್ಟಿ.”

ಊರೆಲ್ಲ ಬೇಡವೆಂದಿತು. ದುಗ್ಗಳೆ ಅಣ್ಣನ ಮುಖ ನೋಡಿದಳು.

“ಕಟ್ಟು,” ಎಂದ ಮಾಚಿಗ. “ಒಂದು ದಾರ ತಾನೇ. ಎಲ್ಲಾ ದಾರ ಅಲ್ಲವಲ್ಲ.”

ಅಂದಿನಿಂದ ಮಬ್ಬೂರಿನವರು ಒಬ್ಬರಿಂದೊಬ್ಬರು ಕೂಲಿ ಕೇಳಿಕೊಂಡು ಸುಖವಾಗಿದ್ದರು.