ಹೆಚ್ಚಾದ ಒಂದು ಗುಡಿಸು

ಮೊದಲ ಕಲ್ಲು ಕಿಟಕಿಯ ಗಾಜು ಒಡೆದು ಅವಳ ಮೇಜಿನ ಮೇಲೇ ಬಿತ್ತು. ಎರಡನೆಯದು ಬರುವಷ್ಟರಲ್ಲಿ ಯಾರೋ ರಟ್ಟೆ ಹಿಡಿದು ಅವಳನ್ನು ಮೇಜಿನಡಿಗೆ ಎಳೆದರು.

ಮೌನಿ! ಪತ್ರಿಕೆಯ ಪುಟ ಕಟ್ಟುವವನು. ಕೆಲಸಕ್ಕೆ ಸೇರಿ ಮೂರು ತಿಂಗಳಾದರೂ ಅವಳ ಹತ್ತಿರ ಒಂದು ಮಾತೂ ಆಡಿರಲಿಲ್ಲ. ಈಗ ಅವನ ಉಸಿರು ಅವಳ ಕೆನ್ನೆಗೆ ತಾಗುತ್ತಿತ್ತು.

"ಗಾಜು ತಾಗ್ತಾ?"

"ಇಲ್ಲ..." ಎಂದಳು. ಹಣೆಯಿಂದ ರಕ್ತ ಇಳಿಯುತ್ತಿದ್ದದ್ದು ಅವಳಿಗೇ ಗೊತ್ತಿರಲಿಲ್ಲ.

ಅವಳು ಕರಡು ತಿದ್ದುವವಳು. ಎದುರಿಗೆ ಎಲ್ಲರಿಗೂ ಕರಡಮ್ಮ, ಬೆನ್ನ ಹಿಂದೆ ಕರಡಿ. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡುವವಳು. ಹತ್ತು ವರ್ಷದಲ್ಲಿ ಒಂದು ಒತ್ತಕ್ಷರವೂ ಅವಳ ಕಣ್ಣು ತಪ್ಪಿಸಿ ಹೋಗಿರಲಿಲ್ಲ.

ಇವತ್ತು ಹೋಗಿತ್ತು.

ಸಂಸತ್ತಿನ ಚುನಾವಣೆಯಲ್ಲಿ ಯಾರಿಗೂ ಬಹುಮತ ಬಂದಿರಲಿಲ್ಲ. ಒಂಬತ್ತು ಸ್ಥಾನ ಕಡಿಮೆ ಬಿದ್ದ ಪಕ್ಷವೊಂದು ಅವರಿವರ ಕಾಲು ಹಿಡಿದು ಗದ್ದುಗೆ ಏರಿತ್ತು. ಮುಖಪುಟದಲ್ಲಿ 'ಅಲ್ಪಮತ ಸರ್ಕಾರಕ್ಕೆ ಪಟ್ಟ' ಎಂದು ಬರಬೇಕಿತ್ತು. 'ತ'ಕ್ಕೆ ಒಂದು ಗುಡಿಸು ಸೇರಿ 'ಅಲ್ಪಮತಿ ಸರ್ಕಾರ' ಅಂತ ಬಂತು. ಅಂದರೆ ಬುದ್ಧಿಗೇಡಿ ಸರ್ಕಾರ! ಬೆಳಗ್ಗೆ ಊರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಗದ್ದುಗೆ ಏರಿದ ಪಕ್ಷದವರು ಮಾತ್ರ ಕಬ್ಬಿಣದ ಸಲಾಕೆ ಹಿಡಿದು ಬಂದರು. ಬಾಗಿಲಲ್ಲೇ ಕಾವಲುಗಾರನ ತಲೆ ಒಡೆದರು.

"ಇದನ್ನ ತಿದ್ದಿದವರು ಯಾರು? ಹೊರಗೆ ಕಳಿಸಿ, ಇಲ್ಲಾಂದ್ರೆ ಬೆಂಕಿ ಹಚ್ತೀವಿ!"

ಮೌನಿ ಎದ್ದ. ಅವಳ ಮೇಜಿನಿಂದ ಮುಖಪುಟದ ಕರಡನ್ನು ಎತ್ತಿಕೊಂಡು ಮೆಟ್ಟಿಲಿಳಿದ. ಅದರ ಮೂಲೆಯಲ್ಲಿ ಅವಳ ಸಹಿಯಿತ್ತು.

'ನನ್ನನ್ನ ಹಿಡಿದುಕೊಡೋಕೆ ಹೊರಟ... ನಂಬಿ ಕೆಟ್ಟೆ.' ಮೂರು ತಿಂಗಳು ಯಾರಿಗೂ ಹೇಳದೆ ಸಾಕಿಕೊಂಡಿದ್ದ ಆಸೆ ಆ ಕ್ಷಣ ಸತ್ತುಹೋಯಿತು.

ಒಡೆದ ಕಿಟಕಿಯಿಂದ ಕೆಳಗೆ ನೋಡಿದಳು. ಗುಂಪಿನ ನಡುವೆ ನಿಂತು ಅವನು ಸಹಿಯಿದ್ದ ಮೂಲೆಯನ್ನು ಹರಿದು ಬಾಯಿಗೆ ಹಾಕಿಕೊಂಡ.

"ತಿದ್ದಿದ್ದು ನಾನೇ," ಎಂದ.

"ಬಾಯಲ್ಲೇನೋ ಇದೆ, ಕಕ್ಕಿಸ್ರೋ!"

ಸಲಾಕೆ ದವಡೆಗೆ ಬಿತ್ತು. ಎರಡು ಹಲ್ಲು ನೆಲಕ್ಕೆ ಉದುರಿದವು. ಬಿದ್ದವನ ಪಕ್ಕೆಗೆ ಒದ್ದರು, ಬೆರಳುಗಳನ್ನು ತುಳಿದರು. ಅವನು ಬಾಯಿ ಬಿಡಲಿಲ್ಲ. ರಕ್ತದ ಜೊತೆಗೇ ಅವಳ ಸಹಿಯನ್ನೂ ನುಂಗಿಬಿಟ್ಟ.

ಅವಳು ಯಾವಾಗ ಇಳಿದು ಬಂದಳೋ ಅವಳಿಗೇ ತಿಳಿಯದು. ಅವನ ಮೇಲೆ ಅಡ್ಡ ಬಿದ್ದಳು.

"ತಿದ್ದೋಳು ನಾನು. ಹೊಡೀಬೇಕಂದ್ರೆ ನನಗೆ ಹೊಡೀರಿ!"

ಹೊಡೆದರು ಕೂಡ. ಹೆಂಗಸು ಅಂತ ಯಾರೂ ನೋಡಲಿಲ್ಲ. ಮುಂಗೈ ಮೂಳೆ ಲಟಕ್ಕೆಂದಿತು. ಪೊಲೀಸರು ಬಂದದ್ದು ಎಲ್ಲ ಮುಗಿದ ಮೇಲೆ, ಎಂದಿನಂತೆ.

ಆಸ್ಪತ್ರೆಯಲ್ಲಿ ಮೂರನೇ ದಿನ ಅವನಿಗೆ ಮಾತು ಬಂತು. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಅವಳು ಹೆಂಗಸರ ವಾರ್ಡಿನಿಂದ ಎದ್ದು ಬಂದು ಅವನ ಮಂಚದ ಅಂಚಿಗೆ ಕೂತಿದ್ದಳು.

"ನಿಮ್ಮನ್ನ ಅನುಮಾನಿಸಿಬಿಟ್ಟೆ... ನನ್ನ ತಪ್ಪಿಗೆ ನೀವ್ಯಾಕೆ ಏಟು ತಿಂದ್ರಿ?"

"ಆ ಗುಡಿಸು ಹಾಕಿದ್ದು ನಾನೇ ರೀ," ಹೊಲಿಗೆ ಹಾಕಿದ ತುಟಿಯಲ್ಲೇ ತೊದಲಿದ. "ತಲೆಬರಹ ಕೂರಿಸೋವಾಗ ಕಣ್ಣು ನಿಮ್ಮ ಕಡೆ ಇತ್ತು. ಬೆರಳು ಎಲ್ಲೋ ಬಿತ್ತು."

ಅವಳು ಅವನ ಹೊದಿಕೆಯ ಅಂಚನ್ನು ಸರಿಮಾಡಿದಳು.

"ಅಷ್ಟು ದಪ್ಪ ಅಕ್ಷರ... ನನಗ್ಯಾಕೆ ಕಾಣಲಿಲ್ಲ ಅಂತ ಕೇಳಲ್ವಾ?"

"ಯಾಕೆ?"

"ನನ್ನ ಕಣ್ಣೂ ಪುಟದ ಮೇಲಿರಲಿಲ್ಲ."