ಗುಂಯ್‌ಗುಡುವ ಸಿಡಿ

ರೇಡಿಯೋ ಪುಟ್ಟಿ ಸೋಲೊಪ್ಪುವ ಪೈಕಿಯವಳಲ್ಲ. ಅಪ್ಪನ ಕಣ್ಣು ಮಂಜಾದ ಮೇಲೆ ರಿಪೇರಿ ಅಂಗಡಿಯ ಟೇಬಲ್ಲು ಅವಳದೇ. ಉಸಿರು ನಿಂತ ಟೇಪ್ ರೆಕಾರ್ಡರು, ಗಂಟಲು ಕಟ್ಟಿದ ಸ್ಪೀಕರು, ಎಲ್ಲವೂ ಅವಳ ಕೈಯಲ್ಲಿ ಮತ್ತೆ ಬಾಯಿಬಿಡುತ್ತಿದ್ದವು. ಅಂಥವಳನ್ನು ಗಣಿತದ ಮೇಷ್ಟ್ರ ಸಿಡಿ ಪ್ಲೇಯರು ಹೈರಾಣು ಮಾಡಿತ್ತು.

ಅವರು ಕೊಟ್ಟುಹೋದದ್ದು ಮುಚ್ಚಳ ತೆರೆಯುವುದಿಲ್ಲ ಎಂದು. ಮುಚ್ಚಳವೇನೋ ತೆರೆಯಿತು. ಒಳಗೆ ಸಿಕ್ಕಿಕೊಂಡಿದ್ದ ಸಿಡಿಯನ್ನೇ ಹಾಕಿ ನೋಡಿದರೆ ಗುಂಯ್ ಎಂಬ ಸದ್ದು, ನಡುನಡುವೆ ಚಿಟಚಿಟ. ವೈರು ಬದಲಾಯಿಸಿದಳು. ಸ್ಪೀಕರು ಬದಲಾಯಿಸಿದಳು. ಹಾಕಿ ನೋಡಲು ಅಂಗಡಿಯಲ್ಲಿ ಬೇರೆ ಸಿಡಿಯಿರಲಿಲ್ಲ. ಗುಂಯ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಮೇಷ್ಟ್ರು ಬಂದಾಗ ಅವಳ ಮುಖ ಸಪ್ಪಗಿತ್ತು. "ಏನು ಮಾಡಿದ್ರೂ ಈ ಗುಂಯ್ ಹೋಗ್ತಿಲ್ಲ ನೋಡಿ."

ಮೇಷ್ಟ್ರು ಕಿವಿಗೊಟ್ಟು ಕೇಳಿದರು. ಆಮೇಲೆ ತಲೆ ತಗ್ಗಿಸಿದರು. ಅವರ ಭುಜ ಸಣ್ಣಗೆ ಕುಲುಕುತ್ತಿತ್ತು.

"ನಗ್ತಿದ್ದೀರಾ?"

"ಇಲ್ಲ, ಇಲ್ಲ. ಅದು ಹೋಗೋದಿಲ್ಲ ಕಣ್ರೀ. ಅದೇ ಸಂಗೀತ."

ಅವಳು ಕಿವಿಯವರೆಗೂ ಕೆಂಪಾದಳು. ಮೇಷ್ಟ್ರು ತಡವರಿಸುತ್ತ ವಿವರಿಸಿದರು: ಆಂಬಿಯೆಂಟ್ ಅಂತಾರೆ, ಎಲೆಕ್ಟ್ರಾನಿಕ್ ಪ್ರಯೋಗಗಳು. ಎಲ್ಲೆಲ್ಲಿಯವರೋ ಮಾಡಿದ್ದನ್ನು ಒಂದೇ ಸಿಡಿಗೆ ಸೇರಿಸಿದ್ದಾರೆ. ಒಬ್ಬರು ಫ್ರಿಜ್ಜಿನ ಸದ್ದನ್ನು ನಿಧಾನ ಮಾಡಿದ್ದಾರೆ, ಇನ್ನೊಬ್ಬರು ಪೈಪಿನೊಳಗಿನ ಗಾಳಿಯನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿದ್ದಾರೆ.

"ಇದರಲ್ಲಿ ನಂದೂ ಒಂದು ಪೀಸಿದೆ."

"ಹೌದಾ? ಯಾವುದು?"

ಮೇಷ್ಟ್ರು ಹೇಳಲೆಂದು ಬಾಯಿ ತೆರೆದರು. ಉಸಿರೆಳೆದುಕೊಂಡರು. ಏನಾಯಿತೋ, ಹೇಳದೆಯೇ ಬಿಟ್ಟುಬಿಟ್ಟರು. "ನೀವೇ ಕಂಡುಹಿಡೀರಿ" ಎಂದು ಸಿಡಿಯನ್ನು ಅಲ್ಲೇ ಇಟ್ಟು, ಪ್ಲೇಯರನ್ನಷ್ಟೇ ಎತ್ತಿಕೊಂಡು ಹೋದರು.

ಮುಂದಿನ ವಾರ ಪ್ಲೇಯರು ವಾಪಸ್ ಬಂತು. ಸದ್ದೇ ಬರುತ್ತಿಲ್ಲವಂತೆ. ಬಿಚ್ಚಿದರೆ ಒಂದು ವೈರು ಕಳಚಿತ್ತು.

"ನಲ್ಲಿ ತೊಟ್ಟಿಕ್ಕೋದು ನಿಮ್ದಾ?"

"ಅಲ್ಲ."

"ಮತ್ತೆ ಆ ಗಂಟೆ?"

"ಅದೂ ಅಲ್ಲ." ಹೇಳುವಾಗ ಮೇಷ್ಟ್ರ ಕಣ್ಣು ಅವಳ ಹಣೆಗೆ ಬಿದ್ದ ಕೂದಲ ಮೇಲಿತ್ತು. ಅವಳು ನೋಡಿದ ಕೂಡಲೇ ಅದು ಗೋಡೆಯ ಕ್ಯಾಲೆಂಡರಿಗೆ ಓಡಿತು.

ಅದರ ಮುಂದಿನ ವಾರವೂ ವೈರು ಕಳಚಿತ್ತು. ಈ ಸಲ ಪುಟ್ಟಿ ಸ್ಕ್ರೂಗಳನ್ನು ಹತ್ತಿರ ಹಿಡಿದು ನೋಡಿದಳು. ತಲೆಗಳೆಲ್ಲ ಸವೆದು ಹೊಳೆಯುತ್ತಿದ್ದವು. ಸ್ಕ್ರೂಡ್ರೈವರಿನ ಗುರುತು ಅಲ್ಲ ಅದು, ಚೂಪಾದ ತಗಡಿನ ಮೂಲೆಯದು. ಮೇಷ್ಟ್ರ ಜೇಬಿನಲ್ಲಿ ಯಾವಾಗಲೂ ಒಂದು ಸ್ಟೀಲ್ ಸ್ಕೇಲು ಇಣುಕುತ್ತಿತ್ತಲ್ಲ, ಅದರದು.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯಿತು ಮೇಷ್ಟ್ರ ಕೆಲಸ. ಅವಳು ತುಟಿ ಕಚ್ಚಿ ನಗು ತಡೆದಳು. ಯಾರಿಗೂ ಹೇಳಲಿಲ್ಲ. ಆ ದಿನವೆಲ್ಲ ಮನಸ್ಸು ಹಗುರವಾಗಿತ್ತು.

ಸಿಡಿ ಈಗ ಅಂಗಡಿಯಲ್ಲಿ, ಪುಟ್ಟಿ ಜೋಡಿಸಿಕೊಂಡ ಹಳೆ ಪ್ಲೇಯರೊಂದರಲ್ಲಿ, ದಿನವೂ ಮೆಲ್ಲಗೆ ಗುಂಯ್‌ಗುಡುತ್ತಿತ್ತು. ಮೊದಮೊದಲು ಕೈ ತಾನಾಗಿ ಸ್ಕ್ರೂಡ್ರೈವರಿನತ್ತ ಹೋಗುತ್ತಿತ್ತು. ಬರಬರುತ್ತ ಆ ಸದ್ದಿನೊಳಗೆ ಕೂರುವುದು ಅಭ್ಯಾಸವಾಯಿತು. ಒಂದು ಪೀಸನ್ನಂತೂ ಮತ್ತೆಮತ್ತೆ ಹಾಕುತ್ತಿದ್ದಳು. ಅದರಲ್ಲಿ ಮೆತ್ತಗೆ ಏನೋ ಏರುತ್ತದೆ, ತಡೆಯುತ್ತದೆ, ಇಳಿದುಹೋಗುತ್ತದೆ. ಏನೆಂದು ತಿಳಿಯದ ಸಂಕಟಕ್ಕೆ, ಮುಗಿದ ಕೂಡಲೇ ಮತ್ತೆ ಮೊದಲಿನಿಂದ ಕೇಳುತ್ತಿದ್ದಳು.

ಅಪ್ಪನ ಸಂಕಟವೇ ಬೇರೆ. ಇಲ್ಲಿಂದ ಹೋದ ಸಾಮಾನು ವಾಪಸ್ ಬರುವುದಿಲ್ಲ ಎಂಬುದು ಅವರು ಜೀವಮಾನವಿಡೀ ಉಳಿಸಿಕೊಂಡ ಹೆಸರು. ಮೇಷ್ಟ್ರ ಪ್ಲೇಯರೋ, ಬಿಟ್ಟೆನೆಂದರೂ ಬಿಡದೀ ಮಾಯೆ.

"ಪುಟ್ಟೀ, ಯಾಕೋ ನಿನ್ನ ಕೈ ಹಿಡಿತ ತಪ್ಪಿದೆ" ಎಂದರು ಒಂದು ಬೆಳಿಗ್ಗೆ. "ಚಿಕ್ಕಪ್ಪನ ಮಗನ್ನ ಟೇಬಲ್ಲಿಗೆ ಕೂರಿಸ್ತೀನಿ. ನೀನು ಕೌಂಟರ್ ನೋಡ್ಕೋ."

ಪುಟ್ಟಿ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಕೆಳಗಿಟ್ಟಳು. ಆ ಟೇಬಲ್ಲು ಅವಳ ಪ್ರಾಣ. ನಿಜ ಹೇಳಿದರೆ ಅದು ಉಳಿಯುತ್ತದೆ. ಆದರೆ ಅಪ್ಪ ಮೇಷ್ಟ್ರಿಗೆ ಛೀಮಾರಿ ಹಾಕುತ್ತಾರೆ, ಆ ಮನುಷ್ಯ ನಾಚಿ ಮತ್ತೆ ಈ ಬೀದಿಗೇ ಕಾಲಿಡುವುದಿಲ್ಲ. ಅತ್ತ ದರಿ, ಇತ್ತ ಪುಲಿ.

"ಆಯ್ತಪ್ಪ" ಎಂದಳು.

ಸಂಜೆ ಮೇಷ್ಟ್ರು ಬಂದರು, ಕಂಕುಳಲ್ಲಿ ಅದೇ ಪ್ಲೇಯರು. ಅಪ್ಪನೇ ಮಾತು ತೆಗೆದರು. "ಕ್ಷಮಿಸಿ ಮೇಷ್ಟ್ರೇ. ನಮ್ಮ ಹುಡುಗಿಗೆ ಇದು ಒಗ್ಗಲಿಲ್ಲ. ನಾಳೆಯಿಂದ ಬೇರೆಯವನು ಕೂರ್ತಾನೆ."

ಮೇಷ್ಟ್ರು ಅವಳ ಮುಖ ನೋಡಿದರು. ಅವಳು ಟೇಬಲ್ಲಿನ ಮೇಲಿನ ಸಾಮಾನು ಜೋಡಿಸುತ್ತಿದ್ದಳು, ತಲೆ ಎತ್ತಲಿಲ್ಲ. ಮೇಷ್ಟ್ರ ಕೈ ಜೇಬಿಗೆ ಹೋಯಿತು. ಸ್ಟೀಲ್ ಸ್ಕೇಲನ್ನು ತೆಗೆದು ಕೌಂಟರಿನ ಮೇಲಿಟ್ಟರು.

"ಅವರ ಕೆಲಸದಲ್ಲಿ ತಪ್ಪಿಲ್ಲ ಯಜಮಾನ್ರೇ. ಪ್ರತಿ ಸಲ ವೈರು ಕಿತ್ತಿದ್ದು ನಾನು. ಇದರಲ್ಲೇ."

ಅಪ್ಪನ ಹುಬ್ಬು ಮೇಲೇರಿತು. "ನೀವಾ? ಯಾಕ್ರೀ?"

ಮೇಷ್ಟ್ರು ಬಾಯಿ ತೆರೆದರು. ಉಸಿರೆಳೆದುಕೊಂಡರು, ತಡೆದರು, ಹಾಗೇ ಬಿಟ್ಟರು.

ಪುಟ್ಟಿಯ ಕೈ ನಿಂತಿತು. "ತಡೀರಿ" ಎಂದವಳೇ ಸಿಡಿಯಲ್ಲಿ ಆ ಪೀಸನ್ನು ಹಾಕಿದಳು. ಮೆತ್ತಗೆ ಏನೋ ಏರಿತು, ತಡೆಯಿತು, ಇಳಿದುಹೋಯಿತು.

"ಇದು ನಿಮ್ದು. ನಿಮ್ಮ ಉಸಿರು."

ಮೇಷ್ಟ್ರು ತಲೆಯಾಡಿಸಿದರು. ಅವರ ಕಣ್ಣು ಒದ್ದೆಯಾಗಿತ್ತು. "ಕ್ಲಾಸಲ್ಲಿ ಬಿಟ್ರೆ ನನಗೆ ಮಾತೇ ಬರಲ್ಲ. ಹೇಳೋಕಾಗದೆ ಉಳಿದದ್ದನ್ನೇ ರೆಕಾರ್ಡ್ ಮಾಡಿದೆ."

"ಇವತ್ತು ಹೇಳಿ."

"ನಿಮ್ಮನ್ನ ನೋಡೋಕೆ ಬರ್ತಿದ್ದೆ" ಎಂದರು ಮೇಷ್ಟ್ರು. "ಬೇರೆ ನೆಪ ಹೊಳೀಲಿಲ್ಲ. ನೀವಂದ್ರೆ ನನಗೆ ಇಷ್ಟ."

ಪುಟ್ಟಿ ಡ್ರಾಯರಿನಿಂದ ಸಣ್ಣ ಸ್ಕ್ರೂಡ್ರೈವರೊಂದನ್ನು ತೆಗೆದು ಸ್ಕೇಲಿನ ಪಕ್ಕದಲ್ಲಿಟ್ಟಳು. "ಇದನ್ನ ತಗೊಳ್ಳಿ. ಸ್ಕೇಲಲ್ಲಿ ತಿರುವಿದ್ರೆ ಸ್ಕ್ರೂ ಹಾಳಾಗುತ್ತೆ ಅಂತ ಯಾವಾಗಲೋ ಹೇಳ್ಬೇಕಿತ್ತು."

ಅಪ್ಪ ಮಗಳತ್ತ ತಿರುಗಿದರು. "ನಿನಗೆ ಗೊತ್ತಿತ್ತಾ? ಮತ್ತೆ ಬೆಳಿಗ್ಗೆ ಟೇಬಲ್ ಬಿಟ್ಟುಕೊಡೋಕೆ ಒಪ್ಪಿದೆಯಲ್ಲೇ?"

"ಹೇಳಿದ್ರೆ ಇವರು ಬರೋದು ನಿಂತುಹೋಗ್ತಿತ್ತಲ್ಲಪ್ಪ."

ಅಪ್ಪ ತಮ್ಮನಿಗೆ ಫೋನು ಮಾಡಿ, "ಹುಡುಗನ್ನ ಕಳಿಸ್ಬೇಡ ಕಣೋ, ಸೆಟ್ಟಿನಲ್ಲಿ ದೋಷ ಇರ್ಲಿಲ್ಲ" ಎಂದರು. ಪ್ಲೇಯರನ್ನು ಎತ್ತಿ ಮೇಲಿನ ಶೆಲ್ಫಿನಲ್ಲಿಟ್ಟರು.

"ಇದು ಇಲ್ಲೇ ಇರಲಿ ಮೇಷ್ಟ್ರೇ. ನಾಳೆಯಿಂದ ಬರಿಗೈಲಿ ಬನ್ನಿ."

ಗುಂಯ್ ಎನ್ನುವ ಸದ್ದು ನಡೆದೇ ಇತ್ತು. ಮೇಷ್ಟ್ರು ಸ್ಟೂಲಿನ ಮೇಲೆ ಕೂತರು. ಪುಟ್ಟಿ ವಾಲ್ಯೂಮನ್ನು ಸ್ವಲ್ಪ ಹೆಚ್ಚಿಸಿದಳು.